ಟೀ ಇಪ್ಪತ್ತೆರಡು

ಬೆಟಗೇರಿಯಲ್ಲಿ ನಮ್ಮದೊಂದು ಮದುವೆ ವಿಡಿಯೋ ಅಂಗಡಿ. ಕ್ಯಾಮೆರಾ ಹಿಡಿಯುವವನು ನಾನು, ಲೆನ್ಸಿನ ಉಂಗುರ ತಿರುಗಿಸುವವಳು ನನ್ನ ಹೆಂಡತಿ. ಹೋದ ಬೇಸಿಗೆಯಲ್ಲಿ ಸಿನಿಮಾದವರು ಬಳಸುವ ಲೆನ್ಸೊಂದನ್ನು ಹುಬ್ಬಳ್ಳಿಯಿಂದ ಬಾಡಿಗೆಗೆ ತಂದೆ. ಅದನ್ನು ಪೂರ್ತಿ ತೆರೆದಿಟ್ಟರೆ ಮುಂದಿನ ಮುಖವೊಂದೇ ಸ್ಪಷ್ಟ. ಹಿಂದಿನದೆಲ್ಲ ಕರಗಿ ದುಂಡು ದುಂಡು ಬೆಳಕಿನ ಗುಳ್ಳೆಗಳಾಗುತ್ತವೆ. ಅದಕ್ಕೆ ಬೊಕೆ ಎನ್ನುತ್ತಾರೆ. ನನಗೆ ಅದರ ಹುಚ್ಚು ಹಿಡಿದಿತ್ತು. ಹೊಂಬಳದ ಮದುಮಗಳ ಅಪ್ಪನಿಗೆ "ಬೊಕೆ ಭಾರಿ ಬರ್ತಾವ ನೋಡ್ರಿ" ಎಂದೆ. ಅವರು ಹೂಗುಚ್ಛವೆಂದು ತಿಳಿದು "ನಾವ ತರಸ್ತೇವಿ ಬಿಡ್ರಿ" ಎಂದರು. ಅಲ್ಲಿಗೇ ನಾನು ಎಚ್ಚರಗೊಳ್ಳಬೇಕಿತ್ತು.

ಅರಿಷಿಣ ಹಚ್ಚುವ ದಿನ ಬೆಳಗ್ಗೆಯೇ ಹೋದೆವು. ಮದುಮಗಳ ಅವ್ವನಿಗೆ ಒಂದೇ ಚಿಂತೆ. ಆಕೆಯ ಅಣ್ಣ ಅಂತೂರ ಬೆಂತೂರದವರು. ಹಿಂದೆ ಇಲ್ಲಿಯ ಯಾವುದೋ ಊಟದಲ್ಲಿ ತನ್ನ ಎಲೆಗೆ ಬರುವ ಹೊತ್ತಿಗೆ ಹೋಳಿಗೆ ತೀರಿತ್ತೆಂದು ಸಿಟ್ಟಾಗಿ, ಒಂಬತ್ತು ವರ್ಷದಿಂದ ಈ ಮನೆಯ ನೀರು ಮುಟ್ಟಿರಲಿಲ್ಲ. ಸೋದರಸೊಸೆಗಾಗಿ ಬಂದಿದ್ದರು, ಅಂಗಳದ ಬೇವಿನ ಗಿಡಕ್ಕೆ ಒರಗಿ ನಿಂತಿದ್ದರು. "ಸೋದರಮಾವ ಉಪಾಸ ಹೋದ್ರ ಏನ್ ಚೆಂದರಿ?" ಎಂದು ಆಕೆ ನನ್ನ ಹೆಂಡತಿಯ ಮುಂದೆ ಕಣ್ಣೊರೆಸಿಕೊಂಡರು.

ಲೆನ್ಸಿನೊಳಗೆ ಎಸಳಿನಂಥ ತೆಳು ತಗಡುಗಳಿರುತ್ತವೆ. ಬಿಸಿಲು ಹೆಚ್ಚಾದರೆ ಬೆಕ್ಕಿನ ಕಣ್ಣಿನ ಹಾಗೆ ಅವುಗಳ ಕಂಡಿಯನ್ನು ಕಿರಿದು ಮಾಡಬೇಕು. ಎಷ್ಟು ಕಿರಿದೆಂದು ಉಂಗುರದ ಮೇಲೆ ಅಂಕಿಗಳಿವೆ. ಸಾದಾ ಲೆನ್ಸಿನಲ್ಲಿ ಅಂಕಿಯ ಹೆಸರು ಎಫ್; ಸಿನಿಮಾ ಲೆನ್ಸಿನಲ್ಲಿ ಟೀ. ಅಂಕಿ ದೊಡ್ಡದಾದಷ್ಟೂ ಕಂಡಿ ಸಣ್ಣದು, ಹಿಂದೆ ನಿಂತವರೂ ಸ್ಪಷ್ಟ.

ಚಪ್ಪರದ ನೆರಳಿನಲ್ಲಿ ಹೆಂಡತಿಗೆ "ಟೀ ನಾಕು!" ಎಂದು ಕೂಗಿದೆ. ಸ್ವಲ್ಪ ಹೊತ್ತಿಗೆ ನಾಲ್ಕು ಕಪ್ ಚಹಾ ಬಂತು. ಎಂಥ ಮಂದಿಯಪ್ಪ ಎಂದುಕೊಂಡು ಎರಡೆರಡು ಕುಡಿದೆವು. ಬಿಸಿಲು ಏರಿತು. "ಟೀ ಎಂಟು!" ಎಂಟು ಕಪ್ ಬಂತು. ಆಗಲೂ ನನ್ನ ತಲೆಗೆ ಹೊಳೆಯಲಿಲ್ಲ. ಹೆಂಡತಿಗೆ ಹೊಳೆದಿತ್ತಂತೆ, ಬೇಕೆಂದೇ ಸುಮ್ಮನಿದ್ದಳು. ಬಿಸಿಲು ತಡೆಯುವ ಕರಿ ಗಾಜನ್ನು ಮನೆಯಲ್ಲಿ ಮರೆತವನು ನಾನು, ಬೈದದ್ದು ಆಕೆಯನ್ನು.

ನೀರು ಎರೆಯಲು ಮದುಮಗಳನ್ನು ಅಂಗಳಕ್ಕೆ ತಂದಾಗ ಸೂರ್ಯ ನೆತ್ತಿಯ ಮೇಲಿದ್ದ. ಕರಿ ಗಾಜಿಲ್ಲ, ಬೊಕೆಯ ಆಸೆ ಮಣ್ಣುಪಾಲು. "ಏ, ಟೀ ಇಪ್ಪತ್ತೆರಡು!" ಎಂದು ಅರಚಿದೆ.

"ಇವರೇನ್ ಮನಶ್ಯಾರೋ, ಕಾಳು ತುಂಬೋ ಹಗೇವೋ!" ಎಂದಿತು ಅಡುಗೆಮನೆಯಿಂದ ಅವ್ವನ ದನಿ. ಆದರೂ ಕಾಸಿದರು. ಎರಡು ಪರಾತದ ತುಂಬ ಕಪ್‌ಗಳು ಬಂದವು. ನಾವು ಸಾಕೆಂದು ಕೈ ಮುಗಿದೆವು. ಮದುಮಗಳ ಚಿಗವ್ವ ಪರಾತ ಹೊತ್ತು "ವಿಡಿಯೋದವರ ಚಾ, ತಗೋರಿ!" ಎಂದು ಅಂಗಳದ ತುಂಬ ಹಂಚುತ್ತ ಹೋದಳು. ಬೇವಿನ ಗಿಡದ ಹತ್ತಿರ ಮಾವ ತಡೆದರು.

"ಮನೀದಲ್ಲ, ಹೌದಿಲ್ಲ?"

"ಅಲ್ಲರಿ, ವಿಡಿಯೋದವರದು."

ಕುಡಿದರು. ಮದುಮಗಳ ಹೆಗಲಿನ ಹಿಂದೆ, ಮೀಸೆಗೆ ಅಂಟಿದ ಕೆನೆಯ ಸಮೇತ ನನ್ನ ಪರದೆಯಲ್ಲಿ ಸ್ಪಷ್ಟ ಕಂಡರು. ನನ್ನಿಷ್ಟದಂತೆ ಆಗಿದ್ದರೆ ಅವರೊಂದು ಗುಳ್ಳೆಯಾಗಿರುತ್ತಿದ್ದರು. ಬಾಗಿಲಲ್ಲಿ ಅವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದರು.

ಮಾವ ನೇರ ನಮ್ಮ ಕಡೆಗೇ ಬಂದರು. "ಚಾ ಛಲೋ ಐತ್ರಿ. ಯಾರು ಕಾಸ್ಯಾರ?"

ನಿಜ ಹೇಳಿದರೆ ಬಸ್ಸು ಹತ್ತಿಬಿಡುತ್ತಾರೆಂದು ನನಗೆ ಭಯ. ಸುಳ್ಳಿಗೆಂದು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೇಳಿಬಿಟ್ಟಳು: "ನಿಮ್ಮ ತಂಗೀನ ಕಾಸ್ಯಾರ್ರಿ."

ಅವರು ಖಾಲಿ ಕಪ್ಪಿನ ತಳ ನೋಡುತ್ತ ನಿಂತರು. "ಗೊತ್ತಾತ್ರಿ. ಶುಂಠಿ ಹಿಂಗ ಜಜ್ಜಿ ಹಾಕಾಕಿ ನಮ್ಮವ್ವ. ಆಮ್ಯಾಲ ಇಕಿ ಒಬ್ಬಾಕಿ." ಆಮೇಲೆ ಬಾಗಿಲ ಕಡೆ ನೋಡದೆಯೇ ಅಂದರು: "ಇನ್ನೊಮ್ಮೆ ಕೂಗ್ರಿ."

ನನ್ನ ಲೆನ್ಸಿನ ಅಂಕಿಗಳು ಒಂದೂವರೆಯಿಂದ ಶುರು. ಒಂದು ಎಂಬ ಗುರುತೇ ಅದರಲ್ಲಿಲ್ಲ. ಆದರೂ ಕೆಮ್ಮಿ ಗಂಟಲು ಸರಿ ಮಾಡಿಕೊಂಡು, ಬಾಗಿಲಿನ ತನಕ ಕೇಳುವ ಹಾಗೆ ಕೂಗಿದೆ: "ಟೀ ಒಂದು!"