ಗೌಡನ ಮಾತಿಗೆ ಮುಂಚೆ ಇಡುವ ಲೋಟ

ನವೆಂಬರ್ ಹತ್ತಿರ ಬಂತೆಂದರೆ ಪೀಣ್ಯದ ನಮ್ಮ ಕಾರ್ಖಾನೆಯ ಕನ್ನಡ ಸಂಘಕ್ಕೆ ಎಲ್ಲಿಲ್ಲದ ಹುರುಪು. ಬಾವುಟ, ಆರ್ಕೆಸ್ಟ್ರಾ, ಕೊನೆಗೊಂದು ನಾಟಕ. ನಾಟಕ ಬರೆಯುವವನು ನಾನು. ಹಗಲೆಲ್ಲ ಬಿಡಿಭಾಗಗಳ ಅಳತೆ ನೋಡಿ ‘ಇದು ರಿಜೆಕ್ಟ್’ ಎಂದು ಜನರ ಹೊಟ್ಟೆ ಉರಿಸುವ ನನಗೆ ಚಪ್ಪಾಳೆ ಸಿಗುತ್ತಿದ್ದುದು ವರ್ಷಕ್ಕೆ ಆ ಒಂದು ದಿನ. ಹಾಗಾಗಿ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ.

ನನ್ನ ನಾಟಕಗಳಲ್ಲಿ ಊರಗೌಡನೊಬ್ಬ ಇದ್ದೇ ಇರುತ್ತಾನೆ. ಆ ಪಾತ್ರ ಯಾವಾಗಲೂ ಪ್ರೆಸ್ ಶಾಪಿನ ನನ್ನ ಗೆಳೆಯನದು, ಕೊಪ್ಪಳದ ಕಡೆಯವನು. ತಗಡು ಒತ್ತುವ ಯಂತ್ರಗಳ ಸದ್ದಿನಲ್ಲೇ ವಯಸ್ಸು ಕಳೆದು ಅವನ ಕಿವಿ ಮಂದವಾಗಿದೆ. ಮೊದಲ ವರ್ಷ ಎದುರಿನವನ ಮಾತು ಮುಗಿದದ್ದು ಗೊತ್ತಾಗದೆ ವೇದಿಕೆಯ ಮೇಲೆ ಬೆಪ್ಪಾಗಿ ನಿಂತುಬಿಟ್ಟ. ಜನ ಶಿಳ್ಳೆ ಹೊಡೆದರು. ಅಲ್ಲಿಂದಾಚೆಗೆ ನಾನೊಂದು ಉಪಾಯ ಮಾಡಿದೆ. ಗೌಡ ಮಾತಾಡುವ ಮುಂಚೆ ಯಾರಾದರೂ ಲೋಟ ಕೆಳಗಿಡಬೇಕು, ಇಲ್ಲವೇ ಟವೆಲ್ ಕೊಡವಬೇಕು. ಅದನ್ನು ಕಣ್ಣಲ್ಲಿ ನೋಡಿ ಅವನು ಶುರು ಮಾಡುತ್ತಿದ್ದ. ಯಾಕೆ ಹಾಗೆ ಬರೆಯುತ್ತೇನೆಂದು ಅವನೊಬ್ಬನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಕಿವಿಯ ವಿಷಯ ಆಫೀಸಿಗೆ ಗೊತ್ತಾದರೆ ಅವನನ್ನು ಯಂತ್ರದ ಹತ್ತಿರ ಬಿಡುತ್ತಿರಲಿಲ್ಲ.

ಹೋದ ವರ್ಷ ನಾಟಕ ಬರೆಯುವ ಹೊತ್ತಿಗೇ ಡೆಂಗ್ಯೂ ಬಂದು ಹಾಸಿಗೆ ಹಿಡಿದೆ. ಒಂದು ಸಾಲೂ ಆಗಿರಲಿಲ್ಲ. ಮತ್ತೆ ಕೆಲಸಕ್ಕೆ ಹೋದ ದಿನ ಎಚ್‌ಆರ್‌ನ ಹುಡುಗಿ ಕ್ಯಾಂಟೀನಿನಲ್ಲಿ ಎದುರಾದಳು.

“ಸಾರ್, ಟೆನ್ಷನ್ ಮಾಡ್ಕೋಬೇಡಿ, ನಾಟಕ ರೆಡಿ ಇದೆ. ಸಂಘದ ಕಂಪ್ಯೂಟರ್‌ನಲ್ಲಿ ನಿಮ್ಮ ಹಳೇ ನಾಟಕ ಎಲ್ಲಾ ಇತ್ತಲ್ಲ, ಎಐಗೆ ಹಾಕಿ ಇದೇ ಥರ ಹೊಸದು ಬರಿ ಅಂದೆ. ಬರ್ದ್ಬಿಡ್ತು!”

“ನನ್ನನ್ನ ಒಂದ್ಮಾತು ಕೇಳ್ಬಾರ್ದಿತ್ತೇನಮ್ಮಾ?”

“ಹುಷಾರಿಲ್ದೆ ಮಲಗಿದ್ರಲ್ಲ ಸಾರ್, ಯಾಕೆ ತೊಂದ್ರೆ ಕೊಡೋದು ಅಂತ ಸುಮ್ನಾದೆ. ಮೇಲೆ ನಿಮ್ಮ ಹೆಸ್ರೇ ಹಾಕಿದೀನಿ.”

ಪಾಪ, ಒಳ್ಳೆಯ ಮನಸ್ಸಿನ ಹುಡುಗಿ. ಬೈಯಲೂ ಆಗಲಿಲ್ಲ.

ವೆಲ್ಡಿಂಗ್ ವಿಭಾಗಕ್ಕೆ ರೋಬೋ ಬಂದಾಗ “ನಾಟಕ ಬರೆಯೋ ಮಿಷನ್ ಬರ್ಲಿ, ಆಮೇಲೆ ಹೆದರ್ತೀನಿ” ಎಂದು ಇದೇ ಕ್ಯಾಂಟೀನಿನಲ್ಲಿ ಜಂಬ ಕೊಚ್ಚಿದವನು ನಾನು. ಈಗ ಆ ಮಿಷನ್ ಬರೆದ ಹಾಳೆಗಳನ್ನು ಹಿಡಿದು ಮೂಲೆಯ ಮೇಜಿಗೆ ಹೋದೆ. ತಪ್ಪು ಹುಡುಕುವುದೇ ನನ್ನ ಕಸುಬು, ಇದನ್ನೂ ರಿಜೆಕ್ಟ್ ಮಾಡೋಣ ಎಂದುಕೊಂಡೆ. ಮೊದಲ ದೃಶ್ಯಕ್ಕೇ ನಗು ಬಂತು. ನಾನಾಗಿದ್ದರೂ ಅಲ್ಲಿ ಅದೇ ತಮಾಷೆ ಬರೆಯುತ್ತಿದ್ದೆ. ಆಮೇಲೆ ಗೌಡ ಬಂದ. ಅವನ ಮಾತಿಗೆ ಮುಂಚೆ ‘ಹೆಂಡತಿ ಲೋಟ ಕೆಳಗಿಡುತ್ತಾಳೆ’ ಎಂದಿತ್ತು. ಪುಟ ತಿರುಗಿಸಿದೆ. ‘ಆಳು ಟವೆಲ್ ಕೊಡವುತ್ತಾನೆ.’ ಗೌಡ ಬಾಯಿ ತೆರೆದ ಕಡೆಯಲ್ಲೆಲ್ಲ ಒಂದು ಸನ್ನೆ. ಎಲ್ಲಿಯೂ ತಪ್ಪಿರಲಿಲ್ಲ.

ಜ್ವರ ಮರುಕಳಿಸಿತೇನೋ ಎಂದು ಹಣೆ ಮುಟ್ಟಿ ನೋಡಿಕೊಂಡೆ. ನನಗೆ ಆಗಿದ್ದು ಬರೀ ಭಯ. ಕತೆ, ತಮಾಷೆ ಎತ್ತಿಕೊಂಡರೆ ಎತ್ತಿಕೊಳ್ಳಲಿ, ನಾನೂ ಅವರಿವರ ಬಾಯಲ್ಲಿ ಕೇಳಿದ್ದನ್ನೇ ಬರೆದವನು. ಆದರೆ ಆ ಲೋಟ ಗೆಳೆಯನ ಮೇಲಿನ ಅಕ್ಕರೆಗೆ ಇಟ್ಟದ್ದು. ಅವನ ಮುಖವನ್ನೇ ನೋಡದ, ಅವನ ಕಿವಿಯ ಸುದ್ದಿಯೇ ಗೊತ್ತಿಲ್ಲದ ಯಂತ್ರ ಅದನ್ನೂ ಇಟ್ಟಿತ್ತು. ಹಾಗಾದರೆ ಇನ್ನು ನನ್ನಿಂದ ಆಗಬೇಕಾದದ್ದೇನು?

ಒಂದೇ ಆಸೆ ಉಳಿದಿತ್ತು. ಅವನಿಗಾದರೂ ಗೊತ್ತಾಗುತ್ತದೆ, ‘ಇದು ನೀವು ಬರೆದದ್ದಲ್ಲ’ ಎಂದು ಅವನು ಅಂದೇ ಅನ್ನುತ್ತಾನೆ.

ಶಿಫ್ಟ್ ಮುಗಿದ ಮೇಲೆ ತಾಲೀಮು ಶುರುವಾಯಿತು. ಹೆಂಡತಿಯ ಪಾತ್ರದವನು ಲೋಟ ಕೆಳಗಿಟ್ಟ. ಗೌಡ ಗುಡುಗಿದ. ಆಳು ಟವೆಲ್ ಕೊಡವಿದ. ಗೌಡ ಮತ್ತೆ ಗುಡುಗಿದ. ಒಮ್ಮೆಯೂ ತಡವರಿಸಲಿಲ್ಲ. ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

“ಅಣ್ಣಾರ, ಜ್ವರದಾಗ ಮಲಗಿದ್ರೂ ನನ್ನ ಮರೀಲಿಲ್ರಲ್ಲ,” ಎಂದ. “ಈ ಊರಿಗೆ ಬಂದಾಗಿಂದ ನನ್ನ ಇಷ್ಟ್ ನೆನಪ ಇಟ್ಕೊಂಡಾವ್ರು ನೀವೊಬ್ರ ನೋಡ್ರಿ.”

ನಿಜ ಹೇಳಲು ಬಾಯಿ ತೆರೆದೆ. ಅವನು ನನ್ನ ತುಟಿಗಳನ್ನೇ ನೋಡುತ್ತ ಕಾಯುತ್ತಿದ್ದ.