ನಲವತ್ತು ಮೈಲಿಗೆ ಊದುವ ಶಂಖ

ನಮ್ಮ ಕಾರು ಶಂಖ ಊದುತ್ತಿತ್ತು ಎಂದರೆ ನಂಬುತ್ತೀರಾ?

ಗಂಟೆಗೆ ನಲವತ್ತು ಮೈಲಿ ಮುಟ್ಟಿದರೆ ಸಾಕು, ಊದುತ್ತಿತ್ತು. ಮೂವತ್ತಕ್ಕೆ ಇಳಿಸಿದರೆ ಸುಮ್ಮನಾಗುತ್ತಿತ್ತು. ನಮ್ಮೂರಿನಿಂದ ಗುಂಡ್ಲುಪೇಟೆವರೆಗಿನ ಗುಂಡಿ ರಸ್ತೆಯಲ್ಲಿ ಅಷ್ಟು ವೇಗ ಎಲ್ಲಿಂದ ಬರಬೇಕು? ಅಲ್ಲಿ ಸದ್ದಿಲ್ಲ. ಗುಂಡ್ಲುಪೇಟೆ ದಾಟಿ, ಬೇಗೂರಿನ ಕಡೆಗೆ ಟಾರು ರಸ್ತೆ ನೇರವಾಗುತ್ತಿದ್ದಂತೆ ಶುರು. ಮೊದಲು ಸಣ್ಣಗೆ, ಆಮೇಲೆ ತಲೆಯೊಳಗೇ ಊದಿದ ಹಾಗೆ.

(ಕೆಲವು ವಾರ ನಾನು ಪತ್ರಿಕೆಯ ಈ ಅಂಕಣದಲ್ಲಿ ಬರೆಯಲಿಲ್ಲ. ನನ್ನ ಅಣ್ಣ ತೀರಿಕೊಂಡ. ಕಾರು ಅವನದು, ಬಾಡಿಗೆಗೆ ಓಡಿಸುತ್ತಿದ್ದ. ಈಗ ನಾನು ಓಡಿಸುತ್ತೇನೆ. ಅತ್ತಿಗೆಯ ಒಲೆ ಉರಿಯುವುದು ಅದರಿಂದಲೇ.)

ನಮ್ಮ ಕಾಯಂ ಗಿರಾಕಿ ರುದ್ರಪ್ಪನವರು, ವೀಳ್ಯದೆಲೆ ವ್ಯಾಪಾರಿ. ವಾರಕ್ಕೊಮ್ಮೆ ಮೈಸೂರಿಗೆ ಹೋಗುವವರು. ಬೇಗೂರಿನ ಹತ್ತಿರ ನನ್ನ ಹೆಗಲು ತಟ್ಟಿದರು.

"ನಿಲ್ಸಲಾ ಮಾದೇವ. ಇದು ಸಾವಿನ್ ಮನೆ ಸಂಕ ಕಣ್ಲಾ. ನಿಮ್ಮಣ್ಣ ಇನ್ನೂ ಕಾರ್ ಬುಟ್ಟಿಲ್ಲ. ಮಾರ್ಬುಡು ಇದ್ನ. ನಾನ್ ಬಸ್ಸಲ್ಲಿ ಓಯ್ತೀನಿ."

ಕೆಟ್ಟ ಮಾತಲ್ಲ ಅದು. ಅಣ್ಣನಿಗೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಆದರೆ ಅವರು ಇಳಿದರೆ ಊರಿನಲ್ಲಿ ಇನ್ನು ಯಾರು ಹತ್ತುತ್ತಾರೆ?

ಗುಂಡ್ಲುಪೇಟೆಯ ಮೇಸ್ತ್ರಿ ಮಲಯಾಳದ ಕಡೆಯವನು. ಚಕ್ರ ಬಿಚ್ಚಿದ. ಬೇರಿಂಗ್ ನೋಡಿದ. ಬಾನೆಟ್ ಎತ್ತಿ ಕಿವಿಯಿಟ್ಟ. "ಏನೂ ಇಲ್ಲ ಸಾರ್. ಡಿಕ್ಕಿಯಲ್ಲಿ ಓಲಗದವರನ್ನ ಕೂರಿಸಿದ್ದೀರಾ?" ಎಂದ. ಓಡುವಾಗಿನ ಸದ್ದನ್ನು ನಿಂತ ಕಾರಿನಲ್ಲಿ ಹುಡುಕುವುದು ಹೇಗೆ, ಪಾಪ.

ಮಾರಿಬಿಡೋಣ ಎಂದು ಅತ್ತಿಗೆಗೆ ಹೇಳಿದೆ. ಅವರು ಒಲೆಯ ಮುಂದಿನಿಂದ ಏಳಲಿಲ್ಲ.

"ಮಾರೋದು ಇದ್ದೇ ಅದೆ. ನಾನೂ ಬತ್ತೀನಿ. ಅದೇನ್ ಊದ್ತದೋ ಕೇಳ್ಬುಡನ."

ಅಣ್ಣ ಹೋದ ಮೇಲೆ ಅವರು ಹೊಸಿಲು ದಾಟಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತು, ರಸ್ತೆ ಖಾಲಿ. ನಲವತ್ತು ಮುಟ್ಟಿತು, ಊದಿತು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಎಂಜಿನ್ ಆರ್ಸು," ಎಂದರು.

ಗೇರ್ ಬಿಡಿಸಿ ಆರಿಸಿದೆ. ಎಂಜಿನ್ ಸತ್ತಿತು. ಸದ್ದು ಸಾಯಲಿಲ್ಲ. ರುದ್ರಪ್ಪನವರ ಮಾತು ನಿಜವೇ?

ಮತ್ತೆ ಎಂಜಿನ್ ಹಚ್ಚಿ ನಲವತ್ತಕ್ಕೆ ತಂದೆ. ಅತ್ತಿಗೆ ಅಂಗೈಯನ್ನು ತಲೆಯ ಮೇಲಿನ ತಗಡಿಗೆ ಒತ್ತಿ ಹಿಡಿದರು. "ಇಲ್ಲಿ ನಡುಗ್ತಾ ಅದೆ." ಆಮೇಲೆ ಕಿಟಕಿಯಿಂದ ಕೈ ಚಾಚಿ, ಮೇಲಿನ ಕ್ಯಾರಿಯರಿಗೆ ಅಡ್ಡ ಬಿಗಿದಿದ್ದ ಪಟ್ಟಿಯನ್ನು ಹಿಡಿದರು.

ನಿಂತಿತು.

ಬಿಟ್ಟರು. ಊದಿತು. ಹಿಡಿದರು. ನಿಂತಿತು. ಅಷ್ಟು ದೊಡ್ಡ ಬಯಲಿನ ಗಾಳಿಯನ್ನು ಎರಡು ಬೆರಳಲ್ಲಿ ಹಿಡಿದು ಬಿಡುವುದನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದೆ.

ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿದೆವು. ಆ ಪಟ್ಟಿ ನವಾರು, ಮಂಚಕ್ಕೆ ಹೆಣೆಯುವ ನವಾರು. ಅಣ್ಣ ತನ್ನ ಹಳೆಯ ಮಂಚದ ನವಾರಿನ ತುಂಡೊಂದನ್ನು ಸಾಮಾನು ಕಟ್ಟಲು ಇಟ್ಟುಕೊಂಡಿದ್ದ. ಅವನು ಹೋದಾಗ ಹಾಸಿಗೆ ಮನೆಯಿಂದ ಹೊರಗೆ ಹೋಗಬೇಕಲ್ಲ? "ನವಾರೂ ಆಸ್ಗೆನೇ ಕಣಪ್ಪ" ಎಂದರು ಹಿರಿಯರು. ಕಾರಿನ ಮೇಲಿದ್ದುದನ್ನೂ ಬಿಚ್ಚಿ ಕೊಟ್ಟುಬಿಟ್ಟೆವು. ನಾನು ಸಂತೆಯಿಂದ ಹೊಸದು ತಂದೆ. ಒಂದು ಸುಕ್ಕೂ ಇಲ್ಲದಂತೆ, ಚಪ್ಪಟೆಯಾಗಿ, ಎಳೆದು ಬಿಗಿದೆ. ನವಾರು ತಿರುಚಿಕೊಂಡರೆ ಬೆನ್ನಿಗೆ ಒತ್ತುತ್ತದೆ ಎಂದು ಬೈಸಿಕೊಳ್ಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ?

"ಮಂಚ ಬಿಗ್ದಂಗೆ ಬಿಗ್ದಿದ್ದೀಯಲ್ಲ ಮಾದೇವ," ಎಂದರು ಅತ್ತಿಗೆ. "ನಿಮ್ಮಣ್ಣ ನಡುವ್ಕೆ ಒಂದ್ ತಿರುಚು ಆಕೋರು. ಏನಿದು ಸೊಟ್ಟಗೆ ಅಂತ ನಾನ್ ನಗೋಳು. 'ಇರ್ಲಿ ಬುಡಮ್ಮಿ' ಅನ್ನೋರು. ಅಷ್ಟೇಯ."

ನವಾರನ್ನು ಬಿಚ್ಚಿ, ಒಂದೇ ಒಂದು ತಿರುಚು ಹಾಕಿ ಕಟ್ಟಿದರು.

ನಲವತ್ತು. ನಲವತ್ತೈದು. ಐವತ್ತು. ಟಾರಿನ ಮೇಲೆ ಚಕ್ರ ಉರುಳುವ ಸದ್ದು ಬಿಟ್ಟರೆ ಬೇರೇನಿಲ್ಲ. ಚಪ್ಪಟೆ ನವಾರನ್ನು ಗಾಳಿ ನಡುಗಿಸುತ್ತದೆ. ತಿರುಚಿದರೆ ಗಾಳಿಗೆ ಹಿಡಿತ ಸಿಗುವುದಿಲ್ಲ. ಕಾರಣ ಅಷ್ಟೇ ಇರಬಹುದು. ಆದರೂ ಆ ಮೌನ ನನ್ನನ್ನು ಶಂಖಕ್ಕಿಂತ ಹೆಚ್ಚು ನಡುಗಿಸಿತು. ಅತ್ತಿಗೆ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದರು.

"ಈಗ ಅವ್ರು ಓಡ್ಸ್ದಂಗೇ ಅದೆ," ಎಂದರು.

ಮುಂದಿನ ವಾರ ರುದ್ರಪ್ಪನವರು ಅನುಮಾನದಿಂದಲೇ ಹತ್ತಿದರು. ಬೇಗೂರು ದಾಟುವಾಗ ಕಿವಿಗೊಟ್ಟು, "ಎಲ್ಲೋಯ್ತಲಾ ನಿನ್ ಸಂಕ?" ಎಂದರು. ನಂಜನಗೂಡಿನ ಹೊತ್ತಿಗೆ ಅವರ ಗೊರಕೆ ಶುರುವಾಗಿತ್ತು. (ಅದಕ್ಕೆ ತಿರುಚು ಹಾಕುವುದು ಎಲ್ಲಿಗೆ?)

ಅಣ್ಣ ಅದನ್ನು ತಿಳಿದು ಮಾಡುತ್ತಿದ್ದನೋ, ಬರೀ ಕೈರೂಢಿಯೋ, ಇನ್ನು ಕೇಳುವಂತಿಲ್ಲ. ಇದ್ದಷ್ಟು ದಿನ ಅವನ ಕೈ ನಮ್ಮ ಕಿವಿಗೆ ಬೀಳದಂತೆ ಇನ್ನೂ ಏನೇನನ್ನು ಸುಮ್ಮನಿರಿಸಿತ್ತು?