ರಾಧೆಗೆ ಬಳಿದ ಬಿಳಿ

ಕುವೈತಿನ ಒಂದು ಹೋಟೆಲಿನ ಲಾಂಡ್ರಿಯಲ್ಲಿ ನಾನು ಇಸ್ತ್ರಿ ಹಾಕುತ್ತಿದ್ದೆ. ಊರಿನಲ್ಲಿದ್ದಾಗ ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಅರೆದುಕೊಟ್ಟ ಅಭ್ಯಾಸವಿತ್ತು. ಹಾಗಾಗಿ ಅಲ್ಲಿದ್ದ ಕನ್ನಡಿಗರ ಕಾರ್ಯಕ್ರಮಗಳಲ್ಲಿ ಮುಖಕ್ಕೆ ಬಣ್ಣ ಹಚ್ಚುವ ಕೆಲಸವೂ ನನ್ನದೇ.

೧೯೯೦ರ ಬೇಸಿಗೆಗೆ ಮೊದಲು ಅಮೆರಿಕದ ಒಬ್ಬ ಕಪ್ಪು ನರ್ತಕಿ ಹೋಟೆಲಿನಲ್ಲಿ ತಂಗಿದ್ದರು. ಅಲ್ಲಿನ ಶಾಲೆಯೊಂದರ ಮಕ್ಕಳಿಗೆ ನೃತ್ಯ ಹೇಳಿಕೊಡಲು ಬಂದವರು. ಉಡುಪನ್ನು ತಾವೇ ತಂದು, ಇಸ್ತ್ರಿ ಮುಗಿಯುವ ತನಕ ಪಕ್ಕದಲ್ಲೇ ನಿಲ್ಲುತ್ತಿದ್ದರು. ನಾನು ಬಣ್ಣ ಹಚ್ಚುವವನೆಂದು ತಿಳಿದ ದಿನ ತಮ್ಮಂತೆಯೇ ಕಪ್ಪಾಗಿದ್ದ ತಮ್ಮ ಗುರುವಿನ ವಿಷಯ ಹೇಳಿದರು. ಆ ಗುರುವಿನ ಎಳೆಯ ಪ್ರಾಯದಲ್ಲಿ ದೊಡ್ಡದೊಂದು ಬ್ಯಾಲೆ ತಂಡದವರು, "ಚೆನ್ನಾಗಿ ಕುಣಿಯುತ್ತೀ, ಮುಖಕ್ಕೆ ಬಿಳಿ ಬಳಿದುಕೊಂಡರೆ ಸೇರಿಸಿಕೊಳ್ಳುತ್ತೇವೆ" ಎಂದರಂತೆ. ಆಕೆ ಒಪ್ಪದೆ ಅಳುತ್ತಾ ಮನೆಗೆ ಹೋದರಂತೆ. ವರ್ಷಗಳ ಮೇಲೆ, ಬಿಳಿಯರು ಮಾತ್ರ ಕುಣಿಯುತ್ತಿದ್ದ ಒಪೆರಾ ರಂಗಮಂದಿರದಲ್ಲಿ ತನ್ನ ಬಣ್ಣದಲ್ಲೇ ಕುಣಿದರಂತೆ.

"ಅವರು ಅಂದು ಬಳಿದುಕೊಂಡಿದ್ದರೆ ನಮಗೆ ಯಾರಿಗೂ ದಾರಿ ಇರುತ್ತಿರಲಿಲ್ಲ" ಎಂದರು. ನಾನು ದೊಡ್ಡದಾಗಿ ತಲೆಯಾಡಿಸಿದೆ.

ಆ ವಾರವೇ, ನಮ್ಮವರು ಹೆಚ್ಚಾಗಿದ್ದ ಅಬ್ಬಾಸಿಯಾ ಬಡಾವಣೆಯಲ್ಲಿ ನಮ್ಮ ಮಕ್ಕಳ ನೃತ್ಯರೂಪಕದ ತಾಲೀಮು. ಶುವೈಖಿನ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರ ಮಗಳು ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಿದ್ದಳು. ರಾಧೆಯ ಪಾತ್ರವೆಂದರೆ ಅವಳಿಗೆ ಪ್ರಾಣ. ಆದರೆ ಹುಡುಗಿ ಕಪ್ಪು.

"ರಾಧೆ ಬೆಳ್ಳಗೆ ಬೇಕಲ್ಲ ಮಾರಾಯ್ರೆ" ಎಂದರು ಕಾರ್ಯಕ್ರಮ ಸಮಿತಿಯ ಹಿರಿಯರು. "ಇವ್ಳು ಕೃಷ್ಣ ಆಗ್ಲಿ. ಬಣ್ಣದ ಖರ್ಚಾದ್ರೂ ಉಳೀತದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗಿ ನೆಲ ನೋಡುತ್ತಿದ್ದಳು.

"ನನ್ಗೆ ಬಿಡಿ, ಬೆಳ್ಳಗೆ ಮಾಡಿ ಕೊಡ್ತೇನೆ" ಎಂದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ಆಗ ನನ್ನ ಭಾವನೆ.

ಕಾರ್ಯಕ್ರಮದ ಸಂಜೆ ಅವಳ ಮುಖ, ಕತ್ತು, ಕೈಗಳಿಗೆ ದಪ್ಪವಾಗಿ ಬಿಳಿ ಬಳಿದೆ. ಕನ್ನಡಿ ನೋಡಿ, "ಅಂಕಲ್, ಇದು ನಾನಲ್ಲ" ಎಂದಳು. "ರಾಧೆ ಆಗ್ಬೇಕೋ ಬೇಡ್ವೋ?" ಎಂದು ಗದರಿದೆ. ನರ್ತಕಿಯ ಮಾತು ಆ ಕ್ಷಣ ನೆನಪಾಗದೆ ಇರಲಿಲ್ಲ. ಆದರೂ ಕೈ ನಿಲ್ಲಿಸಲಿಲ್ಲ.

ದೀಪದ ಬಿಸಿಗೆ ಬೆವರು ಹರಿದು ಬಿಳಿ ಪಟ್ಟೆಪಟ್ಟೆಯಾಯಿತು. "ಜೀಬ್ರಾ, ಜೀಬ್ರಾ!" ಎಂದು ಮುಂದಿನ ಸಾಲಿನ ಮಕ್ಕಳು ಕೂಗಿದರು. ಕೊನೆಯ ತನಕ ಅವಳು ಒಂದು ಹೆಜ್ಜೆಯೂ ತಪ್ಪಲಿಲ್ಲ. ಇಳಿದು ಬಂದವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಸಿಕ್ಕ ಬಸ್ಸು ಹತ್ತಿ ಜೋರ್ಡಾನಿನ ಮರಳುಗಾಡಿನ ಡೇರೆಗಳನ್ನು ಸೇರಿದೆವು. ಅಲ್ಲಿ ಆ ಕುಟುಂಬ ಮತ್ತೆ ಸಿಕ್ಕಿತು. ಚಿಕ್ಕ ಮಕ್ಕಳು ಒಂದೇ ಸಮನೆ ಅಳುತ್ತಿದ್ದವು.

"ಒಂದು ಡ್ಯಾನ್ಸ್ ಮಾಡು ಮಗಾ, ಅವು ಸ್ವಲ್ಪ ಸುಮ್ಮನಾಗ್ತಾವೆ" ಎಂದು ಒಬ್ಬಾಕೆ ಅವಳನ್ನು ಕೇಳಿದರು.

"ನೋ ಆಂಟಿ. ಐ ಲುಕ್ ಅಗ್ಲಿ" ಎಂದು ಅವಳು ತಾಯಿಯ ಬೆನ್ನ ಹಿಂದೆ ಸರಿದಳು.

ಅದೇ ಚಾಪೆಯ ತುದಿಯಲ್ಲಿ ಕುಳಿತಿದ್ದೆ. ಬಿಳಿ ಬೇಡವೆಂದು ಹೋಗಿ, ಕಪ್ಪಾಗಿಯೇ ಒಪೆರಾದಲ್ಲಿ ಕುಣಿದ ಆ ಗುರುವಿನ ಕಥೆ ನಾಲಿಗೆಯ ಮೇಲಿತ್ತು. ಹೇಳಿದರೆ, "ಇದು ನಿಮಗೆ ಆಗ್ಲೇ ಗೊತ್ತಿತ್ತಾ ಅಂಕಲ್?" ಎಂದು ಕೇಳುತ್ತಾಳೆಂದು ಹೆದರಿದೆ. ಅಷ್ಟರಲ್ಲಿ ಊರಿಗೆ ಹೋಗುವ ವಿಮಾನಕ್ಕೆ ಆ ಕುಟುಂಬದ ಹೆಸರು ಕೂಗಿದರು.